ಮನೆಯಲ್ಲೇ ಡಯಾಲಿಸಿಸ್: ಆರೈಕೆಯ ಭಾರ ಒಬ್ಬರ ಹೆಗಲಿಗೇ ಬೀಳದಿರಲಿ

ಡಯಾಲಿಸಿಸ್ ಎಂಬ ಮಾತು ನಮ್ಮ ಅಡಿಕೆ, ಕಾಫಿ ಬೆಳೆಗಾರರ ಮನೆಗಳಿಗೆ ಈಗ ಹೊಸದಾಗಿ ಉಳಿದಿಲ್ಲ. ಸಂಘದ ಜಗಲಿಯ ಮೇಲೆ ಧಾರಣೆಯ ಮಾತು ನಡೆಯುವಾಗ ನಡುವೆ ಒಬ್ಬರಲ್ಲ ಒಬ್ಬರು ಇಂಥ ಮನೆಯ ಸುದ್ದಿ ತರುತ್ತಾರೆ. ರೋಗಿ ಹೇಗಿದ್ದಾರೆಂದು ಎಲ್ಲರೂ ವಿಚಾರಿಸುತ್ತಾರೆ. ಅದು ಸಹಜವೂ ಹೌದು. ಆದರೆ ಆ ರೋಗಿಯನ್ನು ಹಗಲಿರುಳು ನೋಡಿಕೊಳ್ಳುತ್ತಿರುವ ಹೆಂಡತಿ, ಸೊಸೆ, ತಾಯಿ ಅಥವಾ ಮಗ ಹೇಗಿದ್ದಾರೆಂದು ಕೇಳುವವರು ಕಡಿಮೆ. ಮನೆಯಲ್ಲಿ ನಡೆಯುವ ಚಿಕಿತ್ಸೆ ನಿಂತಿರುವುದೇ ಆ ಒಬ್ಬರ ಮೇಲೆ. ಅವರು ಕುಸಿದರೆ ಚಿಕಿತ್ಸೆಯೂ ಕುಸಿಯುತ್ತದೆ, ತೋಟದ ಕೆಲಸವೂ ನಿಲ್ಲುತ್ತದೆ. ಆದುದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಅವಶ್ಯವೆನಿಸಿದೆ.

ಡಯಾಲಿಸಿಸ್ ಎಂದರೇನು?

ನಮ್ಮ ಎರಡು ಮೂತ್ರಪಿಂಡಗಳು ರಕ್ತವನ್ನು ಸೋಸಿ, ಕಲ್ಮಶವನ್ನೂ ಹೆಚ್ಚಾದ ನೀರನ್ನೂ ಮೂತ್ರದ ಮೂಲಕ ಹೊರಹಾಕುತ್ತವೆ. ಬಹುಕಾಲದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇವು ಕೆಡಲು ಮುಖ್ಯ ಕಾರಣಗಳು. ಮೈಕೈ ನೋವಿಗೆಂದು ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆಗಳೂ ಇವನ್ನು ಕೆಡಿಸುವುದುಂಟು. ಮೂತ್ರಪಿಂಡಗಳು ಪೂರ್ತಿ ಕೈಕೊಟ್ಟಾಗ ಉಳಿಯುವ ದಾರಿ ಎರಡು: ಬೇರೆಯವರ ಮೂತ್ರಪಿಂಡದ ಕಸಿ, ಇಲ್ಲವೆ ಡಯಾಲಿಸಿಸ್.

ಡಯಾಲಿಸಿಸ್‌ನಲ್ಲಿಯೂ ಎರಡು ಬಗೆ. ಮೊದಲನೆಯದು ರಕ್ತ ಡಯಾಲಿಸಿಸ್. ರಕ್ತವನ್ನು ಕೊಳವೆಯ ಮೂಲಕ ಹೊರತೆಗೆದು, ಯಂತ್ರದಲ್ಲಿ ಸೋಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿ ಸಲ ಸುಮಾರು 4 ಗಂಟೆ ಹಿಡಿಯುತ್ತದೆ. ನಮ್ಮಲ್ಲಿ ಇದು ಬಹುಮಟ್ಟಿಗೆ ಆಸ್ಪತ್ರೆಯಲ್ಲೇ ನಡೆಯುತ್ತದೆ.

ಎರಡನೆಯದು ಹೊಟ್ಟೆಯ ಡಯಾಲಿಸಿಸ್. ನಮ್ಮ ಹೊಟ್ಟೆಯೊಳಗೆ ಕರುಳುಗಳನ್ನು ಸುತ್ತುವರಿದ ತೆಳುವಾದ ಪೊರೆ ಇದೆ. ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿ ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆ ಕೂರಿಸುತ್ತಾರೆ. ಅದರ ಮೂಲಕ ಚೀಲದಲ್ಲಿ ಬರುವ ಸುಮಾರು 2 ಲೀಟರ್ ದ್ರಾವಣವನ್ನು ಒಳಗೆ ಬಿಡುತ್ತಾರೆ. ನಾಲ್ಕಾರು ಗಂಟೆಗಳಲ್ಲಿ ರಕ್ತದ ಕಲ್ಮಶ ಆ ಪೊರೆಯನ್ನು ದಾಟಿ ದ್ರಾವಣಕ್ಕೆ ಇಳಿಯುತ್ತದೆ. ಆಮೇಲೆ ಹಳೆಯ ದ್ರಾವಣವನ್ನು ಹೊರಕ್ಕೆ ಹರಿಸಿ ಹೊಸದನ್ನು ತುಂಬುತ್ತಾರೆ. ಹೀಗೆ ದಿನಕ್ಕೆ 3 ಅಥವಾ 4 ಬಾರಿ ಮಾಡಬೇಕು. ಇದಕ್ಕೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ರಾತ್ರಿ ಮಲಗಿರುವಾಗ ಯಂತ್ರವೇ ದ್ರಾವಣ ಬದಲಿಸುವ ಇನ್ನೊಂದು ವಿಧಾನವೂ ಉಂಟು. ಅದಕ್ಕೆ ಮಾತ್ರ ವಿದ್ಯುತ್ ಬೇಕು.

ಮನೆಗೆ ಬಂದ ಬಗೆ

ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್ ಅವರು 1943ರಲ್ಲಿ, ಮಹಾಯುದ್ಧದ ನಡುವೆ, ಮೊದಲ ಡಯಾಲಿಸಿಸ್ ಯಂತ್ರವನ್ನು ಬಳಕೆಗೆ ತಂದರು. 1964ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಒಬ್ಬ ಶಾಲಾ ಬಾಲಕಿಗೆ ಮನೆಯಲ್ಲೇ ಯಂತ್ರ ಇಡಲಾಯಿತು. ಅದನ್ನು ನಡೆಸಲು ಮನೆಯವರೇ ಕಲಿತರು. ಎಂದರೆ, ಮನೆಯ ಡಯಾಲಿಸಿಸ್ ಹುಟ್ಟಿದ ದಿನದಿಂದಲೂ ಅದು ಮನೆಯವರ ದುಡಿಮೆಯ ಮೇಲೆಯೇ ನಡೆದು ಬಂದಿದೆ. 1976ರಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರಿಫ್ ಎಂಬ ಅಮೆರಿಕದ ತಜ್ಞರು ಇಂದಿನ ಹೊಟ್ಟೆಯ ಡಯಾಲಿಸಿಸ್ ಕ್ರಮವನ್ನು ವಿವರಿಸಿದರು. ಭಾರತದಲ್ಲಿ ಅದು 1991ರಲ್ಲಿ ಆರಂಭವಾಯಿತು.

ಲೋಕನಾಯಕ ಜಯಪ್ರಕಾಶ ನಾರಾಯಣರ ವಿಷಯ ಹಿರಿಯ ಸದಸ್ಯರಿಗೆ ನೆನಪಿರಬಹುದು. ತುರ್ತು ಪರಿಸ್ಥಿತಿಯ ಬಂಧನದಲ್ಲಿದ್ದಾಗ, 1975ರಲ್ಲಿ, ಅವರ ಮೂತ್ರಪಿಂಡಗಳು ಕೈಕೊಟ್ಟವು. 1979ರ ಅಕ್ಟೋಬರ್ 8ರಂದು ತೀರಿಕೊಳ್ಳುವವರೆಗೂ ಅವರು ಡಯಾಲಿಸಿಸ್ ಮೇಲೆಯೇ ಇದ್ದರು. ಜನರ ದೇಣಿಗೆಯಿಂದ ಯಂತ್ರ ಬಂತು, ಪಾಟ್ನಾದ ಮನೆಯಲ್ಲೇ ಚಿಕಿತ್ಸೆ ನಡೆಯಿತು. ಅವರ ಪತ್ನಿ ಪ್ರಭಾವತಿಯವರು 1973ರಲ್ಲೇ ತೀರಿಕೊಂಡಿದ್ದರೂ ಸುತ್ತ ಒಡನಾಡಿಗಳಿದ್ದರು. ನಮ್ಮ ಜಿಲ್ಲೆಯವರೇ ಆದ, ತೀರ್ಥಹಳ್ಳಿ ತಾಲ್ಲೂಕು ಮೇಳಿಗೆಯ ಡಾ. ಯು. ಆರ್. ಅನಂತಮೂರ್ತಿಯವರೂ ಕೊನೆಯ ವರ್ಷಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಬರವಣಿಗೆ, ಭಾಷಣಗಳನ್ನು ನಡೆಸಿದರು. 2014ರ ಆಗಸ್ಟ್ 22ರಂದು ನಿಧನರಾದರು. ಡಯಾಲಿಸಿಸ್ ಬಂದ ಮಾತ್ರಕ್ಕೆ ಬದುಕು ಮುಗಿಯಿತೆಂದಲ್ಲ ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ. ಆದರೆ ಹೆಸರಾಂತವರ ಸುತ್ತ ನಾಲ್ಕು ಜನ ಇರುತ್ತಾರೆ. ಎರಡೆಕರೆ ತೋಟದ ಮನೆಯಲ್ಲಿ ಇರುವವರು ಒಬ್ಬರೇ.

ಲೆಕ್ಕ ಹಾಕಿ ನೋಡೋಣ

ಬೆಳೆಗಾರರು ಎಲ್ಲವನ್ನೂ ಲೆಕ್ಕದಲ್ಲಿ ನೋಡಿದರೆ ಬೇಗ ಮನಗಾಣುತ್ತಾರೆ. ದಿನಕ್ಕೆ 4 ಬಾರಿ ಚೀಲ ಬದಲಿಸುವ ಮನೆಯನ್ನು ತೆಗೆದುಕೊಳ್ಳೋಣ. ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿ, ಹಳೆಯದನ್ನು ಹರಿಸಿ, ಹೊಸದನ್ನು ತುಂಬಿ, ಅಳತೆ ಬರೆದಿಡಲು ಪ್ರತಿ ಸಲ ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ದಿನಕ್ಕೆ 2ರಿಂದ 3 ಗಂಟೆಯಾಯಿತು. ತಿಂಗಳಿಗೆ 120 ಚೀಲ, ಎಂದರೆ 240 ಲೀಟರ್ ದ್ರಾವಣ. ಅಷ್ಟೂ ಪೆಟ್ಟಿಗೆಗಳನ್ನು ಮನೆಯೊಳಗೆ ಹೊತ್ತು ಜೋಡಿಸಬೇಕು. ವರ್ಷಕ್ಕೆ 1,460 ಬಾರಿ ಈ ಕೆಲಸ ನಡೆಯಬೇಕು. ಹಬ್ಬವೆಂದಾಗಲಿ, ಮದುವೆಯೆಂದಾಗಲಿ, ಕೊಯ್ಲೆಂದಾಗಲಿ ಒಂದು ದಿನದ ರಜೆಯೂ ಇಲ್ಲ.

ಈಗ ಇದನ್ನು ತೋಟದ ಪಂಚಾಂಗದ ಮೇಲೆ ಇಟ್ಟು ನೋಡಿರಿ. ಯಜಮಾನರಿಗೆ ಕಾಯಿಲೆ, ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ, ಮನೆಯಲ್ಲಿ ಯಜಮಾನಿ ಒಬ್ಬರೇ ಎಂದು ಊಹಿಸಿಕೊಳ್ಳೋಣ. ಬೆಳಗ್ಗೆ 6ಕ್ಕೆ ಮೊದಲ ಚೀಲ. ಅದೇ ಹೊತ್ತಿಗೆ ಹಾಲು ಕರೆಯಬೇಕು. ಮಧ್ಯಾಹ್ನ 12ಕ್ಕೆ ಎರಡನೆಯದು. ಆಳುಗಳ ಊಟದ ಹೊತ್ತು. ಸಂಜೆ 5ಕ್ಕೆ ಮೂರನೆಯದು. ಆಳುಗಳ ಲೆಕ್ಕ ಚುಕ್ತಾ ಮಾಡುವ ವೇಳೆ. ರಾತ್ರಿ 10ಕ್ಕೆ ನಾಲ್ಕನೆಯದು. ಸುಗ್ಗಿಯಲ್ಲಾದರೆ ಆಗ ಅಡಿಕೆ ಸುಲಿತ ನಡೆದಿರುತ್ತದೆ, ಒಲೆಯ ಮೇಲೆ ಹಂಡೆ ಕುದಿಯುತ್ತಿರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಬಿಸಿಲು ಕಂಡ ದಿನವೇ ಆಳು ಸಿಗಬೇಕು; ಕಾಫಿ ಹಣ್ಣು ಕೊಯ್ಲಿನ ಕಾಲದಲ್ಲಿ ಕಣದ ಕಾವಲು ಬೇರೆ. ಇದೆಲ್ಲದರ ನಡುವೆ ಚೀಲದ ಹೊತ್ತು ತಪ್ಪುವಂತಿಲ್ಲ.

ಆಸ್ಪತ್ರೆಗೆ ಹೋಗಿಬರುವವರ ಕಷ್ಟವೂ ಕಡಿಮೆಯದಲ್ಲ. ತ್ಯಾವರೆಕೊಪ್ಪ ಸಿಂಹಧಾಮದ ಆಸುಪಾಸಿನವರಿಗೆ ಶಿವಮೊಗ್ಗ ಪೇಟೆ ಸುಮಾರು 10 ಕಿಲೋಮೀಟರು. ಅದೇ ಸಾಗರ ರಸ್ತೆಯಲ್ಲಿ ಆಯನೂರು, ಕುಂಸಿ, ಆನಂದಪುರ ಎಂದು ಒಳಗೆ ಹೋದಷ್ಟೂ ದಾರಿ ಬೆಳೆಯುತ್ತದೆ. 4 ಗಂಟೆಯ ಚಿಕಿತ್ಸೆಗೆ ಇಡೀ ದಿನ ಹೋಗುತ್ತದೆ, ಜೊತೆಗೆ ಹೋದವರ ದಿನವೂ ಹೋಗುತ್ತದೆ. ವಾರಕ್ಕೆ ಮೂರು ದಿನವೆಂದರೆ ವರ್ಷಕ್ಕೆ 156 ದಿನ.

ಭಾರ ಯಾವ ರೂಪದಲ್ಲಿ ಬರುತ್ತದೆ?

ದೇಹದ ದಣಿವು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದಿರುವ ಭಾರವೇ ಹೆಚ್ಚಿನದು.

ಮೊದಲನೆಯದು ಭಯ. ಕೊಳವೆಯ ತುದಿಗೆ ಕೈ ತಗುಲಿದರೆ ಹೊಟ್ಟೆಯೊಳಗೆ ಸೋಂಕು ಹತ್ತಬಹುದು. ಹೊರಬಂದ ದ್ರಾವಣ ತಿಳಿಯಾಗಿರುವ ಬದಲು ಕಲಗಚ್ಚಿನಂತೆ ಮಬ್ಬಾಗಿದ್ದರೆ, ಹೊಟ್ಟೆನೋವು ಅಥವಾ ಜ್ವರ ಬಂದರೆ, ತಡಮಾಡದೆ ಆ ಚೀಲದ ಸಮೇತ ಆಸ್ಪತ್ರೆಗೆ ಹೋಗಬೇಕು. "ನನ್ನ ಕೈಯಿಂದಲೇ ಹೀಗಾಯಿತೇ?" ಎಂಬ ಪ್ರಶ್ನೆ ಆರೈಕೆ ಮಾಡುವವರನ್ನು ರಾತ್ರಿಯಿಡೀ ಕೊರೆಯುತ್ತದೆ. ಎಷ್ಟೇ ಎಚ್ಚರವಿದ್ದರೂ ಸೋಂಕು ಬರುವುದುಂಟು. ಅದು ಯಾರ ಅಪರಾಧವೂ ಅಲ್ಲವೆಂದು ಮನೆಯವರು ಬಾಯಿಬಿಟ್ಟು ಹೇಳಬೇಕು.

ಎರಡನೆಯದು ಊಟದ ಜಗಳ. ಉಪ್ಪು ಕಡಿಮೆ, ನೀರಿಗೆ ಅಳತೆ. ರಕ್ತ ಡಯಾಲಿಸಿಸ್‌ನವರಿಗೆ ಎಳನೀರು, ಬಾಳೆಹಣ್ಣಿನಂಥ ಪೊಟ್ಯಾಸಿಯಂ ಹೆಚ್ಚಿರುವ ಪದಾರ್ಥಗಳಿಗೂ ಕಡಿವಾಣ. ನಮ್ಮ ಮನೆಯಲ್ಲೇ ಬೆಳೆದ ಕಾಫಿಗೂ ಮಿತಿ ಹಾಕಬೇಕಾಗುತ್ತದೆ. ಜೀವಮಾನವಿಡೀ ಉಪ್ಪಿನಕಾಯಿ ಬಡಿಸಿದ ಕೈಯೇ ಈಗ ತಟ್ಟೆಯಿಂದ ಅದನ್ನು ತೆಗೆದಿಡಬೇಕು. ರೋಗಿಯ ಸಿಟ್ಟೆಲ್ಲ ಆ ಕೈಯ ಮೇಲೆಯೇ ಬೀಳುತ್ತದೆ.

ಮೂರನೆಯದು ಒಂಟಿತನ. ಚೀಲದ ಹೊತ್ತಿಗೆ ಮನೆಯಲ್ಲಿರಬೇಕಾದ್ದರಿಂದ ತವರಿಗೆ ಹೋಗುವುದು ನಿಲ್ಲುತ್ತದೆ, ಮದುವೆ ಮುಂಜಿಗಳು ನಿಲ್ಲುತ್ತವೆ. ರೋಗಿಗೆ ತೊಂದರೆಯಾಗಬಾರದೆಂದು ನೆಂಟರೂ ಬರುವುದನ್ನು ನಿಲ್ಲಿಸುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಮನೆ ದ್ವೀಪವಾಗುತ್ತದೆ.

ನಾಲ್ಕನೆಯದು ಹೇಳಿಕೊಳ್ಳಲಾಗದ ಬೇಸರ. "ಇದು ಎಂದು ಮುಗಿಯುತ್ತದೋ" ಎಂದು ಒಂದು ಗಳಿಗೆ ಅನಿಸುತ್ತದೆ. ಮರುಗಳಿಗೆಯೇ ಹಾಗೆ ಅನಿಸಿದ್ದಕ್ಕೆ ನಾಚಿಕೆ, ದುಃಖ. ಇದು ಪ್ರೀತಿ ಇಲ್ಲದವರ ಲಕ್ಷಣವಲ್ಲ, ದಣಿದವರ ಲಕ್ಷಣ. ಇದರ ಮೇಲೆ ಹಣದ ಚಿಂತೆ. ಸೋಂಕು ಬಂದ ತಿಂಗಳು ಖರ್ಚು ಏರುತ್ತದೆ, ಅಡಿಕೆ ಧಾರಣೆ ಏರುವುದಿಲ್ಲ.

ಒಂದು ಅಧ್ಯಯನ ತೋರಿಸಿಕೊಟ್ಟ ಸಂಗತಿ

ಆರೈಕೆ ಮಾಡುವವರ ಭಾರವನ್ನು ಅಳೆಯಲು ಅಮೆರಿಕದ ಸ್ಟೀವನ್ ಜ್ಯಾರಿಟ್ ಮತ್ತು ಸಂಗಡಿಗರು 1980ರಲ್ಲಿ ಒಂದು ಪ್ರಶ್ನಾವಳಿಯನ್ನು ತಯಾರಿಸಿದರು. ಅದನ್ನು ಮುಂದೆ ಡಯಾಲಿಸಿಸ್ ರೋಗಿಗಳ ಮನೆಯವರಿಗೂ ಬಳಸಿದ್ದಾರೆ. ಮೊದಲ ಅಧ್ಯಯನ ನಡೆದದ್ದು ಮರೆವಿನ ಕಾಯಿಲೆಯ 29 ವೃದ್ಧರನ್ನು ನೋಡಿಕೊಳ್ಳುತ್ತಿದ್ದ 29 ಮಂದಿಯ ಮೇಲೆ. ಕಾಯಿಲೆ ಜೋರಾದಷ್ಟೂ ಭಾರ ಹೆಚ್ಚೆಂದು ಯಾರಾದರೂ ಊಹಿಸಿಯಾರು. ಕಂಡುಬಂದದ್ದು ಬೇರೆ. ರೋಗಿಯ ತೊಂದರೆಗಳು ಎಷ್ಟಿವೆ ಎಂಬುದಕ್ಕೂ ಭಾರಕ್ಕೂ ಸಂಬಂಧ ಕಾಣಲಿಲ್ಲ. ಉಳಿದ ಬಂಧುಗಳು ಆ ಮನೆಗೆ ಎಷ್ಟು ಸಲ ಬಂದುಹೋಗುತ್ತಾರೆ ಎಂಬುದಕ್ಕೆ ಸಂಬಂಧವಿತ್ತು. ಬಂದುಹೋಗುವವರು ಹೆಚ್ಚಿದ್ದ ಮನೆಗಳಲ್ಲಿ ಭಾರ ಹಗುರವಾಗಿತ್ತು.

ಅದು ಬೇರೊಂದು ಕಾಯಿಲೆಯ, ಸಣ್ಣ ಅಧ್ಯಯನ. ಆದರೂ ಅದರ ತಿರುಳು ಮಲೆನಾಡಿನವರಿಗೆ ಅರ್ಥವಾಗದ್ದೇನಲ್ಲ. ನಾಟಿಗೆ, ಕೊಯ್ಲಿಗೆ, ಮನೆ ಹೊದಿಕೆಗೆ ನಮ್ಮ ಹಿರಿಯರು ಮುಯ್ಯಾಳಿನ ಪದ್ಧತಿ ಇಟ್ಟುಕೊಂಡಿದ್ದರು. ಇಂದು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಕೂಲಿಯಿಲ್ಲ, ಉಪಕಾರದ ಹಂಗಿಲ್ಲ. ಆರೈಕೆಯನ್ನೂ ಇದೇ ಲೆಕ್ಕಕ್ಕೆ ತಂದರೆ ಆಗುವುದೇನು ಎಂಬುದನ್ನು ಯೋಚಿಸಬೇಕು. ಫ್ರಾನ್ಸ್ ದೇಶದಲ್ಲಿ ದಾದಿಯರು ರೋಗಿಯ ಮನೆಗೇ ಬಂದು ಚೀಲ ಬದಲಿಸಿಕೊಡುವ ಏರ್ಪಾಡಿದೆ. ನಮ್ಮ ಹಳ್ಳಿಗಳಲ್ಲಿ ಆ ಸ್ಥಾನದಲ್ಲಿ ನಿಲ್ಲಬಲ್ಲವರು ಬಂಧುಗಳು ಮತ್ತು ನೆರೆಯವರೇ.

ಮಾಡಬಹುದಾದ ಏರ್ಪಾಡುಗಳು

1. ಎರಡನೆಯ ಕೈ ತಯಾರಿರಲಿ. ಚೀಲ ಬದಲಿಸುವ ತರಬೇತಿಯನ್ನು ಆಸ್ಪತ್ರೆಯಲ್ಲಿ ಕೊಡುವಾಗಲೇ ಮನೆಯ ಇಬ್ಬರು ಕಲಿಯತಕ್ಕದ್ದು. ಮೈದುನ, ನಾದಿನಿ, ನೆರೆಮನೆಯ ಓದಿದ ಹುಡುಗ, ಯಾರಾದರೂ ಆಗಬಹುದು. ತರಬೇತಿಯಿಲ್ಲದವರು ಕೊಳವೆಗೆ ಕೈ ಹಾಕಬಾರದು. ಆದರೆ ಕಲಿತವರು ಒಬ್ಬರೇ ಇದ್ದರೆ, ಅವರಿಗೆ ಜ್ವರ ಬಂದ ದಿನ ಗತಿಯೇನು?

2. ರೋಗಿಯೂ ಕೆಲಸ ಮಾಡಲಿ. ಕಣ್ಣು, ಕೈ ಸರಿಯಿರುವ ರೋಗಿಗಳು ತಾವೇ ಚೀಲ ಬದಲಿಸಿಕೊಳ್ಳುತ್ತಾರೆ. ಅಷ್ಟಾಗದಿದ್ದರೆ ತೂಕ, ರಕ್ತದೊತ್ತಡ, ಹೊರಬಂದ ದ್ರಾವಣದ ಅಳತೆಗಳನ್ನು ಪುಸ್ತಕದಲ್ಲಿ ಬರೆಯುವ ಕೆಲಸವನ್ನಾದರೂ ಅವರಿಗೆ ಬಿಡಬೇಕು. ತೋಟದ ಲೆಕ್ಕಪತ್ರವನ್ನೂ ಅವರೇ ನೋಡಲಿ. ಅವರ ಮರ್ಯಾದೆ ಉಳಿಯುತ್ತದೆ, ಇವರ ಹೊರೆ ಇಳಿಯುತ್ತದೆ.

3. ವಾರಕ್ಕೆ ಅರ್ಧ ದಿನದ ಬಿಡುವು ಗೊತ್ತುಮಾಡಿ. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವ ಮಾತಿನಿಂದ ಪ್ರಯೋಜನವಿಲ್ಲ; ದಣಿದವರು ಹೇಳುವುದಿಲ್ಲ. "ಅತ್ತಿಗೆ, ಬುಧವಾರ ಮಧ್ಯಾಹ್ನದ ಚೀಲ ನನ್ನದು, ಅಣ್ಣನ ಊಟವೂ ನನ್ನದು. ನೀವು ತವರಿಗೆ ಹೋಗಿ ಸಂಜೆ ಬನ್ನಿ" ಎಂದು ದಿನ, ಹೊತ್ತು ಹೆಸರಿಸಿ ಹೇಳಬೇಕು.

4. ದೂರದ ಮಕ್ಕಳ ಪಾಲು. ಹಣ ಕಳಿಸುವುದು ಬೇಕು, ಆದರೆ ಅದಷ್ಟೇ ಸಾಲದು. ಚೀಲಗಳ ಬೇಡಿಕೆ ಸಲ್ಲಿಸುವುದು, ವೈದ್ಯರ ಭೇಟಿ ಗೊತ್ತುಮಾಡುವುದು, ಬಿಲ್ಲು ಕಾಗದಗಳ ವ್ಯವಹಾರ, ಇವನ್ನು ಬೆಂಗಳೂರಿನಲ್ಲಿ ಕೂತೇ ಮಾಡಬಹುದು. ತರಬೇತಿ ಪಡೆದ ಮಗನೋ ಮಗಳೋ ಸುಗ್ಗಿಯ ಒಂದು ವಾರ ರಜೆ ಹಾಕಿ ಬಂದರೆ ತಾಯಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

5. ತೋಟದ ಕೆಲಸವನ್ನು ಕಡಿಮೆ ಮಾಡಿಕೊಳ್ಳಿ. ಮನೆಯಲ್ಲೇ ಸುಲಿದು ಬೇಯಿಸುವ ಬದಲು ಹಸಿ ಅಡಿಕೆಯನ್ನೇ ಮಾರುವುದು, ಒಂದೆರಡು ವರ್ಷ ತೋಟವನ್ನು ಗುತ್ತಿಗೆಗೆ ಕೊಡುವುದು, ಹಸುಗಳ ಸಂಖ್ಯೆ ಇಳಿಸುವುದು. ಆದಾಯ ಸ್ವಲ್ಪ ಕಡಿಮೆಯಾಗಬಹುದು. ಆದರೆ ಮನೆಯಾಕೆ ಹಾಸಿಗೆ ಹಿಡಿದರೆ ಆಗುವ ನಷ್ಟ ಅದಕ್ಕಿಂತ ಬಹಳ ಹೆಚ್ಚು.

6. ಮಳೆಗಾಲಕ್ಕೆ ಮುಂಚೆ ದಾಸ್ತಾನು. ಹಳ್ಳ ಬಂದು ದಾರಿ ನಿಂತರೂ ಚೀಲ ಇರಬೇಕು. ಪೆಟ್ಟಿಗೆಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಇಲಿ ಬಾರದ ಒಣಜಾಗದಲ್ಲಿ ಇಡಿ. ಮೈಲುತುತ್ತ, ಔಷಧಿ, ಗೊಬ್ಬರ ಇಡುವ ಕೋಣೆ ಕೂಡದು. ಅಡಿಕೆ ಬೇಯಿಸುವ ಹೊಗೆ, ಸುಲಿತದ ಧೂಳು ಬಾರದ ಒಂದು ಕೋಣೆಯನ್ನು ಚೀಲ ಬದಲಿಸಲು ಮೀಸಲಿಡಿ. ಆ ಹೊತ್ತಿನಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಬಾಗಿಲು ಮುಚ್ಚಿ. ಬೆಕ್ಕು, ನಾಯಿಗಳಿಗೆ ಅಲ್ಲಿ ಪ್ರವೇಶವಿರಬಾರದು.

7. ನೆಂಟರು ಬರಲಿ, ಕ್ರಮದಿಂದ ಬರಲಿ. ನೆಗಡಿ, ಕೆಮ್ಮು ಇರುವವರು ಬರುವುದು ಬೇಡ. ಚೀಲ ಬದಲಿಸುವ ಅರ್ಧ ಗಂಟೆ ಆ ಕೋಣೆಗೆ ಹೋಗುವುದು ಬೇಡ. ಉಳಿದಂತೆ ಬರಲು ಯಾವ ಅಡ್ಡಿಯೂ ಇಲ್ಲ. ಬಂದವರು ಕಾಫಿಗೆ ಕಾಯದೆ ತಾವೇ ಒಲೆ ಹೊತ್ತಿಸಿದರೆ ಇನ್ನೂ ಒಳ್ಳೆಯದು.

8. ಆರೈಕೆ ಮಾಡುವವರ ಆರೋಗ್ಯ. ರೋಗಿಯನ್ನು ತಪಾಸಣೆಗೆ ಕರೆದೊಯ್ದ ದಿನವೇ ತಮ್ಮ ರಕ್ತದೊತ್ತಡ, ಸಕ್ಕರೆಯನ್ನೂ ನೋಡಿಸಿಕೊಳ್ಳಬೇಕು. ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಅಳು, ಬದುಕೇ ಬೇಡವೆನಿಸುವುದು, ಇಂಥವು ಎರಡು ವಾರ ಮೀರಿದರೆ ವೈದ್ಯರಿಗೆ ಹೇಳಲೇಬೇಕು. ಬದುಕು ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಉಚಿತ. 2022ರಲ್ಲಿ ಆರಂಭವಾದ ಈ ಸೇವೆ ಹಗಲೂ ರಾತ್ರಿಯೂ ಉಂಟು; ಕನ್ನಡದಲ್ಲೇ ಮಾತಾಡಬಹುದು.

ಸರ್ಕಾರದ ನೆರವು

ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು 2016ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ಅದರಂತೆ ಬಡತನ ರೇಖೆಗಿಂತ ಕೆಳಗಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ರಕ್ತ ಡಯಾಲಿಸಿಸ್ ಉಚಿತ. ಮನೆಯಲ್ಲಿ ಮಾಡುವ ಹೊಟ್ಟೆಯ ಡಯಾಲಿಸಿಸ್ಸನ್ನು ಸೇರಿಸಿಕೊಳ್ಳುವ ಮಾರ್ಗಸೂಚಿ 2019ರಲ್ಲಿ ಬಂತು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, 2022ರಲ್ಲಿ ಮತ್ತೆ ಜಾರಿಗೆ ಬಂತು. ಯಾವ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ ಎಷ್ಟು ನೆರವೆಂಬುದನ್ನು ಮೊದಲೇ ಕೇಳಿ ತಿಳಿದು, ಕಾಗದಪತ್ರ ಸಿದ್ಧವಿಟ್ಟುಕೊಳ್ಳತಕ್ಕದ್ದು. ಮೂತ್ರಪಿಂಡದ ಕಸಿ ಸಾಧ್ಯವಿದ್ದವರು ವೈದ್ಯರ ಸಲಹೆ ಪಡೆದು, ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ನಿರೀಕ್ಷಣಾ ಪಟ್ಟಿಗೆ ಹೆಸರು ಸೇರಿಸುವ ಬಗ್ಗೆ ಆಸ್ಪತ್ರೆಯಲ್ಲಿ ಕೇಳಬೇಕು.

ಕೈಲಾಗದಾಗ ಹೇಳಲು ಸಂಕೋಚ ಬೇಡ

ಕೆಲವು ಮನೆಗಳಲ್ಲಿ ಎಲ್ಲ ಏರ್ಪಾಡು ಮಾಡಿದರೂ ಆಗುವುದಿಲ್ಲ. ನೋಡಿಕೊಳ್ಳುವವರಿಗೇ ವಯಸ್ಸಾಗಿರುತ್ತದೆ, ಸೋಂಕು ಮೇಲಿಂದ ಮೇಲೆ ಬರುತ್ತದೆ. ಆಗ ಮನೆಯ ಚಿಕಿತ್ಸೆ ಬಿಟ್ಟು ಆಸ್ಪತ್ರೆಯ ರಕ್ತ ಡಯಾಲಿಸಿಸ್‌ಗೆ ಬದಲಾಯಿಸಿಕೊಳ್ಳುವ ಬಗ್ಗೆ ವೈದ್ಯರೊಂದಿಗೆ ಮಾತಾಡಬಹುದು. ಇದು ಸೋಲಲ್ಲ, ಕರ್ತವ್ಯಲೋಪವೂ ಅಲ್ಲ. ನಿರ್ಧಾರ ಮಾಡುವಾಗ ರೋಗಿಯ ಮಾತಿನ ಜೊತೆಗೆ ಆರೈಕೆ ಮಾಡುವವರ ಮಾತನ್ನೂ ಕೇಳಬೇಕು. ಬಹಳ ಮನೆಗಳಲ್ಲಿ ಆ ಮಾತನ್ನು ಯಾರೂ ಕೇಳಿಯೇ ಇರುವುದಿಲ್ಲ.

ಸದಸ್ಯ ಬಾಂಧವರಲ್ಲಿ ಒಂದು ಸೂಚನೆ. ನಿಮ್ಮ ಊರಿನಲ್ಲಿ ಇಂಥ ಮನೆ ಇದ್ದರೆ ಈ ಸುಗ್ಗಿಯಲ್ಲಿ ಆ ತೋಟದ ಒಂದು ದಿನದ ಕೊಯ್ಲನ್ನು ನಾಲ್ಕು ಮನೆಯವರು ಸೇರಿ ಮುಯ್ಯಿಯ ಲೆಕ್ಕದಲ್ಲಿ ಮುಗಿಸಿಕೊಡಿ. ಪೇಟೆಗೆ ಜೀಪು ಹೊರಟಾಗ ಆಸ್ಪತ್ರೆಗೆ ಹೋಗುವವರಿಗೆ ಒಂದು ಜಾಗ ಇಡಿ. ಮುಯ್ಯಿ ತೀರಿಸುವ ದಿನ ಯಾರ ಮನೆಗೆ ಬರುತ್ತದೆಂದು ಯಾರೂ ಬಲ್ಲವರಲ್ಲ. ಇನ್ನು ಮುಂದೆ ಆ ಮನೆಗೆ ಹೋದಾಗ ರೋಗಿಯ ಕ್ಷೇಮ ವಿಚಾರಿಸಿದ ಮೇಲೆ ಒಳಮನೆಯತ್ತ ತಿರುಗಿ, "ನೀವು ಹೇಗಿದ್ದೀರಿ ಅಮ್ಮ? ನಿನ್ನೆ ರಾತ್ರಿ ನಿದ್ದೆ ಬಂತೆ?" ಎಂದು ಕೇಳುವುದನ್ನು ಮರೆಯಬಾರದು.